ಮೊಸರಿನಲ್ಲಿ ಆಯಸ್ಸು ಹುಡುಕಿದ ಮೆಚ್ನಿಕಾಫ್

ಮೆಸ್ಸಿನಲ್ಲಿ ಸಾಂಬಾರು ನೀರಾಗಿದ್ದರೂ ನಾವು ಸುಮ್ಮನಿರ್ತೀವಿ, ಆದರೆ ಮೊಸರು ಖಾಲಿ ಅಂದರೆ ಗಲಾಟೆ ಶುರು. ಮೊಸರನ್ನ ಇಲ್ಲದೆ ಊಟ ಮುಗಿಯಿತು ಅಂದರೆ ನಮ್ಮ ಹೊಟ್ಟೆ ಒಪ್ಪೋದೇ ಇಲ್ಲ. ಇಂಥ ನಮಗೆ, 20ನೇ ಶತಮಾನದ ಶುರುವಿನಲ್ಲಿ ಪ್ಯಾರಿಸ್ಸಿನ ಜನ ಮೊಸರಿನ ಹೆಪ್ಪನ್ನು ಔಷಧಿ ಅಂಗಡಿಯಿಂದ ಕೊಂಡು ತರುತ್ತಿದ್ದರು, ಅದೂ ಬೇಗ ಮುಪ್ಪು ಬರದಿರಲಿ ಅಂತ, ಎಂದು ಹೇಳಿದರೆ ನಗು ಬರಬಹುದು. ಆ ಹುಚ್ಚಿನ ಹಿಂದೆ ಇದ್ದವರು ನೊಬೆಲ್ ಬಹುಮಾನ ಪಡೆದ ವಿಜ್ಞಾನಿ ಎಲಿ ಮೆಚ್ನಿಕಾಫ್. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಫ್ಯಾಗೊಸೈಟ್ ಅನ್ನೋ ಪದ ನೆನಪಿರಬಹುದು. ರೋಗಾಣುಗಳನ್ನು ನುಂಗಿ ಹಾಕುವ ಆ ಕೋಶಗಳ ಕೆಲಸವನ್ನು ಜಗತ್ತಿಗೆ ತೋರಿಸಿಕೊಟ್ಟವರು ಇವರು. ಮುಪ್ಪನ್ನು ಅಧ್ಯಯನ ಮಾಡುವ ಶಾಸ್ತ್ರಕ್ಕೆ ಜೆರೊಂಟಾಲಜಿ ಅಂತ ಹೆಸರಿಟ್ಟವರೂ ಇವರೇ. ಇವತ್ತು ದೊಡ್ಡ ದೊಡ್ಡ ಕಂಪನಿಗಳು ಹಣ ಸುರಿಯುತ್ತಿರುವ ವಯಸ್ಸಾಗುವಿಕೆಯ ಸಂಶೋಧನೆಯಲ್ಲಿ ಇವರು ಕೇಳಿದ ಪ್ರಶ್ನೆಗಳೇ ಮತ್ತೆ ತಲೆ ಎತ್ತಿವೆ. ಇವರು ಕೊಟ್ಟ ಉತ್ತರ ತಪ್ಪಾಗಿತ್ತು ಅನ್ನೋದು ಬೇರೆ ಮಾತು.

1845ರ ಮೇ ತಿಂಗಳಲ್ಲಿ ಹಾರ್ಕಿವ್ ಹತ್ತಿರದ ಹಳ್ಳಿಯೊಂದರಲ್ಲಿ ಮೆಚ್ನಿಕಾಫ್ ಹುಟ್ಟಿದರು. ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಉಕ್ರೇನ್. ಯುದ್ಧಕ್ಕೆ ಮುಂಚೆ ನಮ್ಮ ಕರ್ನಾಟಕದ ಹುಡುಗರೂ ಮೆಡಿಕಲ್ ಓದಲು ಹೋಗುತ್ತಿದ್ದರಲ್ಲ, ಅದೇ ಹಾರ್ಕಿವ್. ತಂದೆ ಸೇನೆಯ ಅಧಿಕಾರಿ, ಜಮೀನು ಇದ್ದ ಮನೆ. ತಾಯಿ ಯಹೂದಿ ಮೂಲದವರು. ಐದು ಮಕ್ಕಳಲ್ಲಿ ಇವರೇ ಕೊನೆ. ಎಂಟನೇ ವಯಸ್ಸಿಗೇ ಗಿಡ ಮರಗಳ ಬಗ್ಗೆ ಪಾಠ ಮಾಡುವ ಚಟ ಹತ್ತಿತ್ತು. ಅಣ್ಣಂದಿರನ್ನೂ ಊರಿನ ಮಕ್ಕಳನ್ನೂ ಕೂರಿಸಿಕೊಂಡು ಪಾಠ ಹೇಳಿ, ಕೇಳಿದವರಿಗೆ ತನ್ನ ಕೈಖರ್ಚಿನ ಕಾಸು ಕೊಡುತ್ತಿದ್ದನಂತೆ ಹುಡುಗ. ಕ್ಲಾಸಿಗೆ ಕೂತಿದ್ದಕ್ಕೆ ದುಡ್ಡು ಕೊಡುವ ಮೇಷ್ಟ್ರು ನಮಗಂತೂ ಯಾರೂ ಸಿಕ್ಕಿಲ್ಲ.

ಹಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷದಲ್ಲಿ ಮುಗಿಸಿ, ಮೆಚ್ನಿಕಾಫ್ ಜರ್ಮನಿಗೆ ಹೋದರು. ಅಲ್ಲಿಂದ ಇಟಲಿಯ ನೇಪಲ್ಸ್. ಸಮುದ್ರದ ಸಣ್ಣಪುಟ್ಟ ಜೀವಿಗಳು ಮೊಟ್ಟೆಯಿಂದ ಹೇಗೆ ಬೆಳೆಯುತ್ತವೆ ಅನ್ನೋದೇ ಆಗಿನ ಇವರ ಕೆಲಸ. 1865ರಲ್ಲಿ ಜರ್ಮನಿಯಲ್ಲಿದ್ದಾಗ ಒಂದು ಚಪ್ಪಟೆ ಹುಳುವಿನಲ್ಲಿ ವಿಚಿತ್ರವಾದದ್ದನ್ನು ನೋಡಿದರು. ಅದಕ್ಕೆ ನಮ್ಮ ಹಾಗೆ ಹೊಟ್ಟೆಯೊಳಗೆ ರಸ ಸುರಿದು ಅನ್ನ ಕರಗಿಸುವ ವ್ಯವಸ್ಥೆ ಇರಲಿಲ್ಲ. ಒಂದೊಂದು ಜೀವಕೋಶವೂ ಆಹಾರದ ಕಣವನ್ನು ತಾನೇ ನುಂಗಿ ಒಳಗೇ ಜೀರ್ಣಿಸಿಕೊಳ್ಳುತ್ತಿತ್ತು. ನೋಡಿ, ಬರೆದು, ಮುಂದೆ ಹೋದರು. ಅದು ಉಪಯೋಗಕ್ಕೆ ಬಂದದ್ದು 17 ವರ್ಷದ ಮೇಲೆ.

ಇವರ ಸ್ವಭಾವ ಮಾತ್ರ ಬಹಳ ಬಿಸಿ. ಬೇಗ ಸಿಟ್ಟು, ಬೇಗ ನಿರಾಸೆ, ಜೊತೆಗೆ ಕಣ್ಣಿನ ತೊಂದರೆ. 1869ರಲ್ಲಿ ಲುಡ್ಮಿಲಾ ಎಂಬವರನ್ನು ಮದುವೆಯಾದರು. ಆಗಲೇ ಆಕೆಗೆ ಕ್ಷಯ. ಎಷ್ಟರ ಮಟ್ಟಿಗೆ ಅಂದರೆ, ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದರು. ನಾಲ್ಕು ವರ್ಷ ಹೆಂಡತಿಯನ್ನು ಉಳಿಸಿಕೊಳ್ಳಲು ಊರೂರು ಅಲೆದರು. ಬೆಚ್ಚಗಿನ ಹವೆ ಒಳ್ಳೆಯದು ಅಂತ ಅಟ್ಲಾಂಟಿಕ್ ಸಮುದ್ರದ ಮದೀರಾ ದ್ವೀಪಕ್ಕೆ ಕರೆದೊಯ್ದರು. 1873ರಲ್ಲಿ ಆಕೆ ಅಲ್ಲೇ ತೀರಿಕೊಂಡರು. ಮೆಚ್ನಿಕಾಫ್‌ಗೆ ಆಗ ಇನ್ನೂ 28 ತುಂಬಿರಲಿಲ್ಲ. ದುಃಖ ತಡೆಯಲಾರದೆ ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದರು, ಬದುಕುಳಿದರು.

ಇದನ್ನು ಮುಚ್ಚಿಡದೆ ಬರೀತಿದ್ದೀವಿ. ಮುಂದೆ ಮುಪ್ಪಿನ ಬಗ್ಗೆ ಇವರು ಬರೆದ ಪುಸ್ತಕಗಳಿಗೆ ಆಶಾವಾದ ಅಂತ ಹೆಸರಿಟ್ಟರಲ್ಲ, ಅದರ ಬೆಲೆ ಇದು ಗೊತ್ತಿಲ್ಲದೆ ತಿಳಿಯಲ್ಲ. (ಹಾಸ್ಟೆಲಿನಲ್ಲಿ ಯಾರಿಗಾದರೂ ಹೀಗನ್ನಿಸಿದರೆ ರಾತ್ರಿ ಎಷ್ಟು ಹೊತ್ತಾದರೂ ಪಕ್ಕದ ರೂಮಿನ ಬಾಗಿಲು ತಟ್ಟಿ. ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.)

ಅವರನ್ನು ಮತ್ತೆ ಕೆಲಸಕ್ಕೆ ಎಳೆದದ್ದು ಒಂದು ಹುಳ. ಜಿನೀವಾದಲ್ಲಿ ಅದೇ ದಿನಗಳಲ್ಲಿ ಒಂದು ಸಂಜೆ ಸೇತುವೆಯ ಮೇಲೆ ನಿಂತಿದ್ದಾಗ, ದೀಪದ ಸುತ್ತ ಮುತ್ತುತ್ತಿದ್ದ ರೆಕ್ಕೆಹುಳುಗಳು ಕಣ್ಣಿಗೆ ಬಿದ್ದವು. ಬೆಳೆದ ಮೇಲೆ ಕೆಲವೇ ಗಂಟೆ ಬದುಕುವ ಮೇ-ಫ್ಲೈ ಇರಬೇಕು ಅಂದುಕೊಂಡರು. ತಕ್ಷಣ ತಲೆಯಲ್ಲಿ ಪ್ರಶ್ನೆ ಎದ್ದಿತು: ಇಷ್ಟು ಕಡಿಮೆ ಹೊತ್ತು ಬದುಕುವ ಜೀವಿಗೆ ಡಾರ್ವಿನ್ನನ ನೈಸರ್ಗಿಕ ಆಯ್ಕೆ ಅನ್ವಯಿಸುವುದು ಹೇಗೆ? ಯೋಚಿಸುತ್ತಾ ಯೋಚಿಸುತ್ತಾ ಮನಸ್ಸು ವಿಜ್ಞಾನಕ್ಕೆ ವಾಪಸ್ ಬಂತು. ತಮಾಷೆ ಏನಂದರೆ ಅವು ಮೇ-ಫ್ಲೈ ಆಗಿರಲೇ ಇಲ್ಲ, ದೂರದಿಂದ ಹಾಗೆ ಕಂಡ ಬೇರೆ ಜಾತಿಯ ಹುಳುಗಳು. ಆದರೆ ಪ್ರಶ್ನೆ ಅವರನ್ನು ಬಿಡಲಿಲ್ಲ. 30 ವರ್ಷದ ನಂತರ ಸಹಜ ಸಾವು ಅಂದರೇನು ಅಂತ ಬರೆಯುವಾಗ ಅದೇ ಮೇ-ಫ್ಲೈ ಅವರ ಉದಾಹರಣೆಯಾಗಿ ಬಂತು.

1875ರಲ್ಲಿ ಓಲ್ಗಾ ಅವರ ಜೊತೆ ಎರಡನೇ ಮದುವೆ. ಅವರು ಚಿತ್ರ ಬರೆಯುತ್ತಿದ್ದವರು, ಮುಂದೆ ಗಂಡನ ಲ್ಯಾಬಿನಲ್ಲೂ ಕೆಲಸ ಮಾಡಿದರು, ಗಂಡನ ಜೀವನಚರಿತ್ರೆಯನ್ನೂ ಬರೆದರು. ಆಗ ಮೆಚ್ನಿಕಾಫ್ ಒಡೆಸ್ಸಾದಲ್ಲಿ ಪ್ರೊಫೆಸರ್. 1880ರ ಆಸುಪಾಸಿನಲ್ಲಿ ಓಲ್ಗಾಗೆ ಟೈಫಾಯಿಡ್ ಬಂದು ಜೀವಕ್ಕೇ ಕುತ್ತಾಯಿತು. ವಿಶ್ವವಿದ್ಯಾಲಯದಲ್ಲಿ ರಾಜಕೀಯದ ಕಾಟ ಬೇರೆ. ಎಲ್ಲವೂ ಸೇರಿ ಮತ್ತೆ ಕುಸಿದರು. ಈ ಸಲ ಸಾಯುವುದಾದರೆ ವಿಜ್ಞಾನಕ್ಕಾದರೂ ಉಪಯೋಗವಾಗಲಿ ಅಂತ, ಮರುಕಳಿಸುವ ಜ್ವರ ರಕ್ತದಿಂದ ಹರಡುತ್ತದೆಯೇ ಅಂತ ತಿಳಿಯಲು ರೋಗಿಯ ರಕ್ತವನ್ನು ತಮಗೇ ಚುಚ್ಚಿಕೊಂಡರು. ಹರಡುತ್ತದೆ ಅಂತ ಗೊತ್ತಾಯಿತು, ಇವರು ಸಾವಿನ ಬಾಗಿಲಿಗೆ ಹೋಗಿ ಬಂದರು. ಓಲ್ಗಾ ಹೇಳುವ ಪ್ರಕಾರ ಈ ಕಾಯಿಲೆಯಿಂದ ಎದ್ದ ಮನುಷ್ಯನೇ ಬೇರೆ. ಬದುಕಬೇಕು ಅನ್ನೋ ಆಸೆ ಅವರಲ್ಲಿ ಹುಟ್ಟಿದ್ದೇ ಆಗ.

1882ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮನೆಮಂದಿಯನ್ನೆಲ್ಲ ಕರೆದುಕೊಂಡು ಸಿಸಿಲಿಯ ಮೆಸಿನಾ ಊರಿಗೆ ಬಂದರು. ಎದುರಿಗೇ ಸಮುದ್ರ, ಮನೆಯ ಕೋಣೆಯೇ ಲ್ಯಾಬು. ಡಿಸೆಂಬರ್‌ನ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದರು. ಇವರು ಒಬ್ಬರೇ ಮೈಕ್ರೋಸ್ಕೋಪಿನ ಮುಂದೆ. ನಕ್ಷತ್ರ ಮೀನಿನ ಲಾರ್ವಾ ಗಾಜಿನ ಹಾಗೆ ಪಾರದರ್ಶಕ, ಕತ್ತರಿಸದೆಯೇ ಒಳಗಿನದೆಲ್ಲ ಕಾಣುತ್ತದೆ. ಅದರೊಳಗೆ ಕೆಲವು ಕೋಶಗಳು ಎಲ್ಲಿಗೂ ಅಂಟಿಕೊಳ್ಳದೆ ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಜೀರ್ಣಾಂಗಕ್ಕೂ ಅವಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಅವು ಅಲ್ಲಿ ಏನು ಮಾಡುತ್ತಿವೆ? ಹಳೆಯ ಚಪ್ಪಟೆ ಹುಳು ನೆನಪಾಗಿರಬೇಕು. ಈ ಕೋಶಗಳು ಹೊರಗಿನಿಂದ ಬಂದ ಶತ್ರುವನ್ನೂ ನುಂಗಬಹುದಲ್ಲ ಅನ್ನಿಸಿತು.

ಪರೀಕ್ಷೆ ಎಷ್ಟು ಸರಳ ನೋಡಿ. ಮನೆಯ ತೋಟದಿಂದ ಗುಲಾಬಿ ಮುಳ್ಳು ಕಿತ್ತು ತಂದು, ಲಾರ್ವಾದ ಚರ್ಮದೊಳಗೆ ಚುಚ್ಚಿದರು. ತಮ್ಮ ಊಹೆ ಸರಿಯಿದ್ದರೆ ಆ ಓಡಾಡುವ ಕೋಶಗಳು ಬಂದು ಮುಳ್ಳನ್ನು ಸುತ್ತುವರಿಯಬೇಕು. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳ ಮುತ್ತಿಗೆ. ನಮ್ಮ ಕಾಲಿಗೆ ಮುಳ್ಳು ಚುಚ್ಚಿ ಕೀವಾಗುವುದು ಇದೇ ಕ್ರಿಯೆ. ಉಪಕರಣಗಳ ಲೆಕ್ಕಕ್ಕೆ ಬಂದರೆ ಒಂದು ಮೈಕ್ರೋಸ್ಕೋಪು, ಒಂದು ಮುಳ್ಳು. ಆದರೆ ಮುಂಚೆಯೇ ಏನಾಗಬೇಕು ಅಂತ ಹೇಳಿ, ಆಮೇಲೆ ನೋಡಿದ್ದು. ನಮ್ಮ ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಬಂದ ಮೇಲೆ ಥಿಯರಿ ಬರೆಯುತ್ತೀವಲ್ಲ, ಅದಕ್ಕೆ ಪೂರ್ತಿ ಉಲ್ಟಾ.

ಆಗ ಮೆಸಿನಾಕ್ಕೆ ಬಂದಿದ್ದ ಜರ್ಮನಿಯ ದೊಡ್ಡ ವೈದ್ಯ ವಿಜ್ಞಾನಿ ವಿರ್ಚೋ ಇದನ್ನು ನೋಡಿ ಮೆಚ್ಚಿದರು, ಆದರೆ ಹುಷಾರು ಅಂದರು. ಬಿಳಿ ರಕ್ತಕಣಗಳು ರೋಗಾಣುಗಳನ್ನು ಹೊತ್ತುಕೊಂಡು ಮೈಯೆಲ್ಲ ಹರಡುತ್ತವೆ ಅಂತಲೇ ಆಗಿನ ಪಾಠ. ಅವೇ ಕಾವಲುಗಾರರು ಅಂತ ಇವರು ಹೇಳುತ್ತಿದ್ದರು. ವಿಯೆನ್ನಾದ ಪ್ರೊಫೆಸರ್ ಕ್ಲೌಸ್ ಆ ಕೋಶಗಳಿಗೆ ಗ್ರೀಕ್ ಹೆಸರು ಹುಡುಕಿಕೊಟ್ಟರು, ಫ್ಯಾಗೊಸೈಟ್, ತಿನ್ನುವ ಕೋಶ ಅಂತ ಅರ್ಥ.

ಮುಂದಿನ 25 ವರ್ಷ ಜಗಳವೋ ಜಗಳ. ಬರ್ಲಿನ್ನಿಗೆ ಹೋಗಿ ರಾಬರ್ಟ್ ಕಾಖ್ ಅವರಿಗೆ ಸ್ಲೈಡ್ ತೋರಿಸಿದರೆ ತಣ್ಣಗಿನ ಸ್ವಾಗತ. ರೋಗನಿರೋಧಕ ಶಕ್ತಿ ಇರುವುದು ರಕ್ತದ ದ್ರವದಲ್ಲಿ, ಕೋಶಗಳಲ್ಲಲ್ಲ ಅಂತ ಜರ್ಮನ್ನರ ವಾದ. 1890ರಲ್ಲಿ ಬೇರಿಂಗ್ ಮತ್ತು ಕಿತಾಸಾಟೊ ರಕ್ತದ ಸೀರಮ್ಮಿನಲ್ಲಿ ವಿಷ ತಡೆಯುವ ಅಂಶ ತೋರಿಸಿದಾಗ ಇವರ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. ಇವರು ಬಿಡುವ ಗಿರಾಕಿಯಲ್ಲ. ಒಬ್ಬೊಬ್ಬರ ಆಕ್ಷೇಪಕ್ಕೂ ಒಂದೊಂದು ಪ್ರಯೋಗ ಮಾಡಿ ಉತ್ತರ ಕೊಟ್ಟರು. ಕೊನೆಗೆ 1908ರ ನೊಬೆಲ್ ಬಹುಮಾನವನ್ನು ಇವರಿಗೂ, ದ್ರವದ ಪಕ್ಷದ ಪಾಲ್ ಎರ್ಲಿಖ್ ಅವರಿಗೂ ಸೇರಿಸಿ ಕೊಟ್ಟರು. ಎರಡೂ ಕಡೆಯವರು ಸರಿಯಿದ್ದರು ಅನ್ನೋದು ಈಗ ನಮಗೆ ಗೊತ್ತು.

ಈ ನಡುವೆ ಒಡೆಸ್ಸಾದಲ್ಲಿ ರೇಬಿಸ್ ಲಸಿಕೆಯ ಸಂಸ್ಥೆಯೊಂದನ್ನು ನಡೆಸಲು ಹೋಗಿ ಕೈಸುಟ್ಟುಕೊಂಡಿದ್ದೂ ಉಂಟು. ಇವರು ಡಾಕ್ಟರಲ್ಲ ಅಂತ ಊರ ವೈದ್ಯರ ತಕರಾರು. ಇವರಿಲ್ಲದ ವೇಳೆ ಅಲ್ಲಿಯ ಆಂಥ್ರಾಕ್ಸ್ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತವು. 1888ರಲ್ಲಿ ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಅವರ ಬಳಿ ಕೆಲಸ ಮಾಡಲು ಒಂದಿಷ್ಟು ಜಾಗ ಕೇಳಿದರು. ಪಾಶ್ಚರ್ ಇಡೀ ಲ್ಯಾಬನ್ನೇ ಕೊಟ್ಟರು. ಸಾಯುವವರೆಗೂ ಅದೇ ಇವರ ಮನೆ ಇದ್ದ ಹಾಗೆ. ಒಡೆಸ್ಸಾದ ಶಿಷ್ಯ ವಾಲ್ಡಮಾರ್ ಹಾಫ್ಕಿನ್ ಕೂಡ ಹಿಂದೆಯೇ ಬಂದರು, ಇವರ ನೆರವಿನಿಂದ ಮೊದಲು ಸಿಕ್ಕಿದ್ದು ಲೈಬ್ರರಿ ಕೆಲಸ. ಆ ಹಾಫ್ಕಿನ್ನೇ ಮುಂದೆ ಭಾರತಕ್ಕೆ ಬಂದು 1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದವರು. ಮರುವರ್ಷ ಪ್ಲೇಗು ಬಡಿದ ನಮ್ಮ ಹುಬ್ಬಳ್ಳಿಯಲ್ಲಿ ಆ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದರು.

ಇನ್ನು ಮುಪ್ಪಿನ ವಿಷಯ. 50 ದಾಟಿದ ಮೇಲೆ ಮೆಚ್ನಿಕಾಫ್ ತಮ್ಮ ಫ್ಯಾಗೊಸೈಟ್‌ಗಳನ್ನೇ ಅನುಮಾನದಿಂದ ನೋಡಲು ಶುರು ಮಾಡಿದರು. ಕಾವಲುಗಾರನೇ ಮನೆಯವರ ಮೇಲೆ ತಿರುಗಿಬಿದ್ದರೆ? ಮುದುಕರ ಮತ್ತು ಮುದಿ ಪ್ರಾಣಿಗಳ ಮೆದುಳು, ಸ್ನಾಯು, ಕೂದಲುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಫ್ಯಾಗೊಸೈಟ್‌ಗಳು ಅಲ್ಲಿನ ಒಳ್ಳೆಯ ಕೋಶಗಳನ್ನೇ ತಿನ್ನುತ್ತಿವೆ, ಕೂದಲ ಬಣ್ಣವನ್ನು ಹೊತ್ತೊಯ್ಯುತ್ತಿವೆ, ಮುಪ್ಪು ಅಂದರೆ ಇದೇ ಅಂತ ತೀರ್ಮಾನಿಸಿದರು. ಆದರೆ ಅವು ಯಾಕೆ ಹಾಗೆ ಮಾಡುತ್ತವೆ? ಒಳ್ಳೆಯ ಕೋಶಗಳು ಮೊದಲೇ ಯಾವುದೋ ವಿಷದಿಂದ ದುರ್ಬಲವಾಗಿರಬೇಕು. ಆ ವಿಷ ಎಲ್ಲಿಂದ? ದೊಡ್ಡ ಕರುಳಿನಿಂದ ಅಂದರು. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಉಳಿದ ಆಹಾರವನ್ನು ಕೊಳೆಸಿ ಫೀನಾಲ್, ಇಂಡೋಲ್ ಮುಂತಾದ ರಾಸಾಯನಿಕಗಳನ್ನು ಮಾಡುತ್ತವೆ, ಅವು ರಕ್ತಕ್ಕೆ ಸೇರಿ ರಕ್ತನಾಳಗಳನ್ನು ಗಟ್ಟಿ ಮಾಡುತ್ತವೆ ಅನ್ನೋದು ವಾದ. ದೊಡ್ಡ ಕರುಳು ಚಿಕ್ಕದಾಗಿರುವ ಗಿಳಿಯಂಥ ಹಕ್ಕಿಗಳು ತಮ್ಮ ಗಾತ್ರಕ್ಕೆ ಮೀರಿ ಎಷ್ಟು ವರ್ಷ ಬದುಕುತ್ತವೆ ನೋಡಿ ಅಂತ ಹೋಲಿಕೆ ಕೊಟ್ಟರು.

1903ರಲ್ಲಿ ಮನುಷ್ಯ ಸ್ವಭಾವದ ಬಗ್ಗೆ, 1907ರಲ್ಲಿ ಆಯಸ್ಸಿನ ಬಗ್ಗೆ ಪುಸ್ತಕ ಬರೆದರು. ಜೆರೊಂಟಾಲಜಿ ಅನ್ನೋ ಪದ ಬಂದದ್ದು ಮೊದಲನೆಯದರಲ್ಲಿ. ಅವರ ಮುಖ್ಯ ಮಾತು ಇಷ್ಟು: ನಾವು ನೋಡುತ್ತಿರುವ ಮುಪ್ಪು ಸಹಜವಾದದ್ದಲ್ಲ, ಅದೊಂದು ಕಾಯಿಲೆ, ಕಾಯಿಲೆಯಾದರೆ ಕಾರಣ ಇರಬೇಕು, ಕಾರಣ ಇದ್ದರೆ ತಡೆಯಬಹುದು. ಬರೀ ವರ್ಷ ಕೂಡಿಸುವುದು ಅವರ ಗುರಿಯಲ್ಲ. ಕೊನೆಯವರೆಗೂ ಕೈಕಾಲು, ತಲೆ ನೆಟ್ಟಗಿದ್ದು, ದಿನವಿಡೀ ದುಡಿದವನಿಗೆ ನಿದ್ದೆ ಬಂದ ಹಾಗೆ ಸಾವು ಬರಬೇಕು ಅಂತ ಅವರ ಆಸೆ. ಈಗಿನ ಸಂಶೋಧಕರು ಆಯಸ್ಸಿಗಿಂತ ಆರೋಗ್ಯವಾಗಿರುವ ವರ್ಷಗಳು ಮುಖ್ಯ ಅಂತ ಹೇಳೋದು ಇದನ್ನೇ.

1904ರಲ್ಲಿ ಪ್ಯಾರಿಸ್ಸಿನಲ್ಲಿ ಮುಪ್ಪಿನ ಬಗ್ಗೆ ಒಂದು ಸಾರ್ವಜನಿಕ ಉಪನ್ಯಾಸ ಕೊಟ್ಟರು. ಹಾಲು ಹುಳಿಯಾದರೆ ಕೆಡುವುದಿಲ್ಲ, ಯಾಕಂದರೆ ಲ್ಯಾಕ್ಟಿಕ್ ಆಮ್ಲ ಕೊಳೆಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಾಗಾದರೆ ಹುಳಿ ಮಾಡುವ ಬ್ಯಾಕ್ಟೀರಿಯಾಗಳನ್ನು ಕರುಳಿಗೆ ಕಳಿಸಿದರೆ ಅಲ್ಲಿಯ ಕೊಳೆತವೂ ನಿಲ್ಲಬೇಕಲ್ಲ? ಮೊಸರು ಕುಡಿಯುವ ಬಲ್ಗೇರಿಯಾದಲ್ಲಿ 100 ದಾಟಿದವರು ಬಹಳ ಅಂತ ಕೇಳಿದ್ದರು. ಅಲ್ಲಿಯ ಮೊಸರಿನ ಬ್ಯಾಕ್ಟೀರಿಯಾವನ್ನು 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ವಿದ್ಯಾರ್ಥಿ ಜಿನೀವಾದಲ್ಲಿ ಗುರುತಿಸಿದರು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು. ಊಹೆ ಅಂತ ಇವರು ಹೇಳಿದ್ದೆಲ್ಲ ಜನರ ಬಾಯಲ್ಲಿ ಔಷಧವಾಗಿಹೋಯಿತು. ಹೆಪ್ಪು ಮಾರುವ ಕಂಪನಿಯೊಂದು ಇವರ ಹೆಸರು ಬಳಸಿಕೊಂಡಿತು. ಇವರು ಅದರಿಂದ ದುಡ್ಡು ಮುಟ್ಟಲಿಲ್ಲ, ಆದರೂ ಅನುಮಾನದ ಮಾತು ತಪ್ಪಲಿಲ್ಲ. ಲಂಡನ್ನಿನಲ್ಲಿ ಆರ್ಬುತ್ನಾಟ್ ಲೇನ್ ಎಂಬ ಸರ್ಜನ್ ಇನ್ನೂ ಮುಂದೆ ಹೋಗಿ, ಕರುಳಿನ ವಿಷದ ಇದೇ ವಾದದ ಬಲದಿಂದ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದರು. ಪ್ರೂಫ್ ಇಲ್ಲದ ಹೈಪಾಥಿಸಿಸ್ ಲ್ಯಾಬಿನ ಹೊರಗೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಭಯಂಕರ ಉದಾಹರಣೆ ನಮಗೆ ಗೊತ್ತಿಲ್ಲ.

ಗುಲಾಬಿ ಮುಳ್ಳಿನಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಮೊಸರಿನಲ್ಲಿ ಯಾಕೆ ಸಡಿಲವಾದರು? ಬಲ್ಗೇರಿಯಾದ ಲೆಕ್ಕವನ್ನೇ ತೆಗೆದುಕೊಳ್ಳಿ. ಹುಟ್ಟಿದ ದಾಖಲೆ ಸರಿಯಿಲ್ಲದ ಕಡೆ 100 ವರ್ಷದವರ ಸಂಖ್ಯೆ ತಾನಾಗಿಯೇ ಏರುತ್ತೆ. ಇತ್ತೀಚೆಗೆ ಸಾಲ್ ನ್ಯೂಮನ್ ಎಂಬ ಸಂಶೋಧಕರು ಅಮೆರಿಕದ ಅಂಕಿಅಂಶ ಹಿಡಿದು ಇದನ್ನೇ ತೋರಿಸಿದರು. ರಾಜ್ಯಗಳಲ್ಲಿ ಜನನ ಪ್ರಮಾಣಪತ್ರ ಕಡ್ಡಾಯವಾಗಿ ಬಂದ ಮೇಲೆ 110 ದಾಟಿದವರ ದಾಖಲೆಗಳು 69ರಿಂದ 82 ಶೇಕಡಾ ಕುಸಿದವು. ಆ ಕೆಲಸಕ್ಕೆ 2024ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಇಗ್ ನೊಬೆಲ್ ಬಹುಮಾನ ಬಂತು. ನಮ್ಮೂರಲ್ಲೂ ಪ್ಲೇಗಿನ ವರ್ಷ ಹುಟ್ಟಿದ್ದು, ಬರದ ವರ್ಷ ಹುಟ್ಟಿದ್ದು ಅಂತ ವಯಸ್ಸು ಹೇಳುವ ಅಜ್ಜಂದಿರು ಇದ್ದರಲ್ಲ. ಇನ್ನು ಬ್ಯಾಕ್ಟೀರಿಯಾ. ಮೆಚ್ನಿಕಾಫ್ ಹೋದ ಕೆಲವೇ ವರ್ಷಕ್ಕೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೆಟ್ಗರ್ ಮತ್ತು ಚೆಪ್ಲಿನ್, ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವುದೇ ಇಲ್ಲ ಅಂತ ತೋರಿಸಿಬಿಟ್ಟರು. ಕೂದಲು ಬೆಳ್ಳಗಾಗುವುದಕ್ಕೂ ಬಣ್ಣದ ಕಾಂಡಕೋಶಗಳು ಮುಗಿದುಹೋಗುವುದು ಕಾರಣ, ಫ್ಯಾಗೊಸೈಟ್ ಕಳ್ಳತನವಲ್ಲ. ವಿಜ್ಞಾನಿಗಳು ಈ ವಿಷಯವನ್ನು ಮರೆತರು, ವ್ಯಾಪಾರಿಗಳು ಮರೆಯಲಿಲ್ಲ. 1919ರಲ್ಲಿ ಬಾರ್ಸಿಲೋನಾದಲ್ಲಿ ಪಾಶ್ಚರ್ ಸಂಸ್ಥೆಯ ಹೆಪ್ಪು ಬಳಸಿ ಡ್ಯಾನೋನ್ ಶುರುವಾಯಿತು, 1935ರಲ್ಲಿ ಜಪಾನಿನಲ್ಲಿ ಯಾಕುಲ್ಟ್.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2000ರಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು, ವಯಸ್ಸಾದಂತೆ ಮೈಯಲ್ಲಿ ಸಣ್ಣ ಉರಿಯೂತವೊಂದು ಬೂದಿ ಮುಚ್ಚಿದ ಕೆಂಡದ ಹಾಗೆ ಸದಾ ಇರುತ್ತದೆ, ಹೃದಯದ ಕಾಯಿಲೆಯಿಂದ ಮರೆವಿನವರೆಗೆ ಬಹಳಷ್ಟಕ್ಕೆ ಅದು ದಾರಿ ಮಾಡಿಕೊಡುತ್ತದೆ ಅಂದರು. ಆ ಉರಿಯೂತದಲ್ಲಿ ದೊಡ್ಡ ಪಾತ್ರ ಯಾರದು? ಮ್ಯಾಕ್ರೋಫೇಜ್, ಅಂದರೆ ಮೆಚ್ನಿಕಾಫ್ ಹೆಸರಿಟ್ಟ ದೊಡ್ಡ ಫ್ಯಾಗೊಸೈಟ್. ಕೆಂಡಕ್ಕೆ ಗಾಳಿ ಹಾಕುವುದು ಯಾವುದು? 2017ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ನೋಡಿದರು. ಮುದಿ ಇಲಿಗಳ ಕರುಳಿನ ಗೋಡೆ ಸೋರುತ್ತದೆ, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ, ಉರಿಯೂತ ಏರುತ್ತದೆ, ಆಮೇಲೆ ಮ್ಯಾಕ್ರೋಫೇಜ್‌ಗಳು ರೋಗಾಣು ಕೊಲ್ಲುವ ಕೆಲಸದಲ್ಲಿ ಸೋಲುತ್ತವೆ. ಹುಟ್ಟಿನಿಂದ ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ವಯಸ್ಸಾದರೂ ಉರಿಯೂತ ಏರಲಿಲ್ಲ. ಅಂಥ ಇಲಿಗಳನ್ನು ಮುದಿ ಇಲಿಗಳ ಜೊತೆ ಬಿಟ್ಟರೆ ಏರಿತು. ಕರುಳು, ಬ್ಯಾಕ್ಟೀರಿಯಾ, ಫ್ಯಾಗೊಸೈಟ್: 1903ರ ಪುಸ್ತಕದ ಮೂರೂ ಪಾತ್ರಗಳು ಇಲ್ಲಿವೆ. ಆಲ್‌ಝೈಮರ್ ಕಾಯಿಲೆಯ ಇಲಿಗಳಲ್ಲಿ ಮೆದುಳಿನ ಫ್ಯಾಗೊಸೈಟ್‌ಗಳು ನರಗಳ ನಡುವಿನ ಕೊಂಡಿಗಳನ್ನು ತಿನ್ನುವುದನ್ನು 2016ರಲ್ಲಿ ಕಂಡರು. ಇಂಡೋಲ್, ಫೀನಾಲ್ ಜಾತಿಯ ರಾಸಾಯನಿಕಗಳು ಕಿಡ್ನಿ ಕೆಟ್ಟವರ ರಕ್ತದಲ್ಲಿ ಶೇಖರವಾಗಿ ರಕ್ತನಾಳಗಳಿಗೆ ಹಾನಿ ಮಾಡುತ್ತವೆ ಅನ್ನೋದೂ ಈಗ ಗೊತ್ತು.

ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೆಚ್ಚಾಗಿ ಶತ್ರು ಅಂತಲೇ ನೋಡಿದ್ದು ಮಾತ್ರ ಅವರ ದೊಡ್ಡ ಎಡವಟ್ಟು. 2021ರಲ್ಲಿ ಜಪಾನಿನ ಸಂಶೋಧಕರು ಸರಾಸರಿ 107 ವರ್ಷದ 160 ಜನ ಶತಾಯುಷಿಗಳನ್ನು ಪರೀಕ್ಷಿಸಿದಾಗ, ಅವರ ಕರುಳಿನ ಬ್ಯಾಕ್ಟೀರಿಯಾಗಳು ಒಂದು ವಿಶೇಷ ಪಿತ್ತಾಮ್ಲ ತಯಾರಿಸಿ ಕೆಟ್ಟ ರೋಗಾಣುಗಳನ್ನು ತಡೆಯುವುದು ಕಂಡಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 36 ಜನರ ಮೇಲೆ ಪ್ರಯೋಗ ನಡೆಯಿತು. ಅವರಲ್ಲಿ ಹತ್ತು ವಾರ ಮೊಸರು, ಕಿಮ್ಚಿ, ಕೊಂಬುಚಾ ತಿಂದು ಕುಡಿದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿ, ಉರಿಯೂತದ 19 ಪ್ರೋಟೀನ್‌ಗಳು ಇಳಿದವು. ಮೊಸರನ್ನದ ಅಭಿಮಾನಿಗಳು ಕುಣಿಯುವ ಮೊದಲು ಕೇಳಿ: ಪ್ರಯೋಗ ಸಣ್ಣದು, ಇದ್ದವರೆಲ್ಲ ಆರೋಗ್ಯವಂತರು, ಆಯಸ್ಸನ್ನು ಯಾರೂ ಅಳೆದಿಲ್ಲ. ಇಡ್ಲಿ ಹಿಟ್ಟು ಚೆನ್ನಾಗಿ ಹುದುಗಿದ್ದರೂ ಬೆಂದ ಮೇಲೆ ಅದರಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಇರಲ್ಲ.

ಮೆಚ್ನಿಕಾಫ್ ತಾವು ಹೇಳಿದ್ದನ್ನು ತಾವೇ ಪಾಲಿಸಿದರು. ದಿನಾ ಮೊಸರು, ಹೆಂಡ ಇಲ್ಲ, ತಂಬಾಕು ಇಲ್ಲ, ಬೇಯಿಸದ ತರಕಾರಿ ಮುಟ್ಟುತ್ತಿರಲಿಲ್ಲ. ಸಾವಿನ ಪ್ರಶ್ನೆ ಅವರ ಮನೆಯದೇ ಆಗಿತ್ತು. ಅವರ ಅಣ್ಣ ಇವಾನ್ 1881ರಲ್ಲಿ 45ನೇ ವಯಸ್ಸಿಗೆ ತೀರಿಕೊಂಡಾಗ ಇವರು ಹತ್ತಿರವೇ ಇದ್ದರು. ಇವಾನ್ ಇಲ್ಯಿಚ್‌ನ ಸಾವು ಎಂಬ ಟಾಲ್‌ಸ್ಟಾಯ್ ಅವರ ಪ್ರಸಿದ್ಧ ಕಥೆಗೆ ಪ್ರೇರಣೆ ಇದೇ ಅಣ್ಣ. ಇನ್ನೊಬ್ಬ ಅಣ್ಣ ಲೆವ್ ಹೋದದ್ದು 50ಕ್ಕೆ. 1909ರಲ್ಲಿ ಇವರು ಟಾಲ್‌ಸ್ಟಾಯ್ ಅವರ ಊರಿಗೆ ಹೋಗಿ ಭೇಟಿಯಾದರು. ಸಾವಿಗೆ ಉತ್ತರ ಧರ್ಮದಲ್ಲಿದೆ ಅಂತ ಅವರು, ವಿಜ್ಞಾನದಲ್ಲಿದೆ ಅಂತ ಇವರು. ಮಾತು ಚೆನ್ನಾಗಿಯೇ ನಡೆಯಿತು, ಇಬ್ಬರೂ ಜಗ್ಗಲಿಲ್ಲ.

1914ರಲ್ಲಿ ಮಹಾಯುದ್ಧ ಶುರುವಾಯಿತು. ಲ್ಯಾಬಿನ ಹುಡುಗರೆಲ್ಲ ಯುದ್ಧಕ್ಕೆ ಹೋದರು, ಸಂಶೋಧನೆ ನಿಂತಿತು. ಹೃದಯ ಮೊದಲೇ ದುರ್ಬಲ. 1915ರಲ್ಲಿ 70 ತುಂಬಿದಾಗ, ತನ್ನ ಅಣ್ಣಂದಿರಿಗೆ ದಕ್ಕದ ವಯಸ್ಸು ತನಗೆ ದಕ್ಕಿದೆ ಅಂತ ಲೆಕ್ಕ ಹಾಕಿ, ಅದರಲ್ಲಿ ತಮ್ಮ ಪಥ್ಯದ ಪಾಲೂ ಇದೆ ಅಂತ ನಂಬಿದರು. ಒಬ್ಬನೇ ಮನುಷ್ಯನ ಡೇಟಾ ಪಾಯಿಂಟಿನಿಂದ ಏನೂ ಸಾಬೀತಾಗಲ್ಲ ಅಂತ ಅವರ ಶಿಷ್ಯರಿಗೂ ಗೊತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಪಾಶ್ಚರ್ ಹಿಂದೆ ಇದ್ದ ಕೋಣೆಗಳಿಗೇ ಅವರನ್ನು ತಂದು ಮಲಗಿಸಿದರು. ಕಾಯಿಲೆಯ ಲಕ್ಷಣಗಳನ್ನು, ಸಾವಿನ ಬಗ್ಗೆ ಮನಸ್ಸಿನಲ್ಲಿ ಏನಾಗುತ್ತಿದೆ ಅನ್ನೋದನ್ನು ಟಿಪ್ಪಣಿ ಮಾಡುತ್ತಲೇ ಇದ್ದರು. ಎಂದೋ ಸಾಯಲು ಹೊರಟಿದ್ದವರು ಈಗ ಭಯವಿದೆಯೇ ಇಲ್ಲವೇ ಅಂತ ತಮ್ಮನ್ನೇ ಗಮನಿಸುತ್ತಿದ್ದರು. ಸಹೋದ್ಯೋಗಿ ಸಲಿಂಬೆನಿ ಅವರನ್ನು ಕರೆದು, ತಾನು ಸತ್ತ ಮೇಲೆ ದೇಹ ಕೊಯ್ದು ಪರೀಕ್ಷೆ ಮಾಡುವಾಗ ಕರುಳನ್ನು ಚೆನ್ನಾಗಿ ನೋಡಬೇಕು ಅಂತ ಹೇಳಿದರು.

1916ರ ಜುಲೈ 15ರಂದು ಮೆಚ್ನಿಕಾಫ್ ತೀರಿಕೊಂಡರು. ಕಾರಣ ಹೃದಯ. ವಯಸ್ಸು 71. ಮೊಸರಿನ ಮೇಲೆ ನಂಬಿಕೆ ಇಟ್ಟಿದ್ದ ಎಷ್ಟೋ ಜನಕ್ಕೆ ಈ ಸಂಖ್ಯೆಯೇ ನಿರಾಸೆ ತಂದಿತು. ದೇಹವನ್ನು ದಹನ ಮಾಡಿದರು. ಚಿತಾಭಸ್ಮದ ಪಾತ್ರೆ ಇವತ್ತಿಗೂ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪುಸ್ತಕಗಳ ನಡುವೆ ಇದೆ.